ಗುಡ್ಡದ ತುದಿಯ ಹಳ್ಳ

ಶನಿವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ತಿರುಮಲೇಶ ಲಂಡನ್ನಿನ ಕಿಂಗ್ಸ್‌ಬರಿಯ ಮನೆಯ ಊಟದ ಮೇಜಿನ ಮುಂದೆ ಕೂತು, ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿ, ಒಂದು ಕಾಡಿನ ಎಕ್ಸ್‌ರೇ ನೋಡುತ್ತಿದ್ದರು. ಎಕ್ಸ್‌ರೇ ಎನ್ನುವುದು ಅವರ ಮಾತು. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರಿಳಿತ ಅಳೆದು, ಗಿಡಮರಗಳನ್ನೆಲ್ಲ ಲೆಕ್ಕದಿಂದ ಕಳೆದು ತಯಾರಿಸಿದ ಬೂದು ಬಣ್ಣದ ಚಿತ್ರ ಅದು. ಆಸ್ಪತ್ರೆಯಲ್ಲಿ ಜನರ ಎದೆಗೂಡಿನ ನೆರಳು ಓದಿ ಓದಿ ನಿವೃತ್ತರಾದ ಈ ಮೈಸೂರಿನ ಡಾಕ್ಟರಿಗೆ ನೆಲದ ನೆರಳು ಓದುವುದೇನು ಮಹಾ ಎನ್ನಿಸಿತ್ತು. ಹಾಗಾಗಿ ಹಳೆಯ ಕಲ್ಲುಗಣಿಗಳ ಗುರುತು ಹುಡುಕುವ ಇತಿಹಾಸ ಸಂಘವೊಂದಕ್ಕೆ ಸೇರಿದ್ದರು.

ಮಹಾ ಆಗಿಯೇ ಇತ್ತು. ಅವರು ಕಂಡುಹಿಡಿದ ಮೊದಲ ಗಣಿ, ಗಾಲ್ಫ್ ಮೈದಾನದ ಮರಳುಗುಂಡಿ. ಎರಡನೆಯದು, ಸೈಕಲ್ ಹುಡುಗರು ಹಾರಾಡಲು ತೋಡಿಕೊಂಡದ್ದು. ಮೂರನೆಯದನ್ನು ನೋಡಲು ಹೋದಾಗ ಅದರ ಯಜಮಾನಿ ಅದರಲ್ಲೇ ಈಜುತ್ತಿದ್ದಳು. ಸಂಘದ ಮುಖ್ಯಸ್ಥೆ ಹಿಲರಿ, ಒಂದು ಕಾಲದ ಭೂಗೋಳದ ಟೀಚರ್, ಬೈಯಲಿಲ್ಲ. "ತಿರು, ಮುಂದಿನದೂ ತಪ್ಪಾದರೆ ಚಿತ್ರ ನೋಡುವುದು ಬಿಟ್ಟು ಚಹಾದ ಉಸ್ತುವಾರಿಗೆ ಬನ್ನಿ. ಅಲ್ಲಿ ನಿಮ್ಮಂಥವರು ಬೇಕು" ಎಂದರು. ಇಂಗ್ಲಿಷರ ನಯಕ್ಕಿಂತ ನಮ್ಮವರ ಬೈಗುಳವೇ ಮೇಲು ಎಂದುಕೊಂಡು ತಿರುಮಲೇಶ ಮನೆಗೆ ಬಂದಿದ್ದರು.

ಈ ಸಲ ತಪ್ಪುವಂತಿರಲಿಲ್ಲ. ಲಂಡನ್ನಿನ ದಕ್ಷಿಣದಂಚಿನ ಸೀಮೆಸುಣ್ಣದ ಗುಡ್ಡದ ಮೇಲೆ, ಕಾಡಿನ ನಡುವೆ, ಅಗಲವಾದ ಕಪ್ಪು ನೆರಳು. ಅದರ ಬಾಯಿಂದ ಹೊರಟ ಗಾಡಿದಾರಿಯ ಗೆರೆ. ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಎರಡು ಸಲ ನೋಡಿದರು. ಅದೊಂದು ತಪ್ಪಿದರೆ ತಗ್ಗೂ ದಿಬ್ಬವಾಗಿ ಕಾಣುತ್ತದೆ.

"ರಜನಿ, ಹಿಲರಿಗೊಂದು ಇಮೇಲ್ ಬರಿ. ನಾನು ಸ್ಕ್ರೀನಿಂದ ಕಣ್ಣು ತೆಗೆದ್ರೆ ಜಾಗ ತಪ್ಪತ್ತೆ."

ಧಾರವಾಡದ ರಜನಿ ಹೆಚ್ಚುತ್ತಿದ್ದ ಸೌತೆಕಾಯಿ ಬಿಟ್ಟು ಫೋನ್ ಎತ್ತಿಕೊಂಡರು. "ಹೇಳ್ರಿ."

"ಗುಡ್ಡದ ತುದೀಲಿ ಒಂದು ದೊಡ್ಡ ಹಳ್ಳ. ಅರವತ್ತು ಮೀಟರ್ ಉದ್ದ."

"ಗುಡ್ಡದ ತುದ್ಯಾಗ?"

"ಹೂಂ ಕಣೇ, ಬರಿ."

ರಜನಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ತಿರುಮಲೇಶ ಅದನ್ನು ಓದಿ ನೋಡಲಿಲ್ಲ. ಹೆಂಡತಿಯ ಇಂಗ್ಲಿಷ್ ತಮ್ಮದಕ್ಕಿಂತ ಒಂದು ತೂಕ ಹೆಚ್ಚು ಎಂಬುದು ಅವರ ಗಟ್ಟಿ ನಂಬಿಕೆ.

ಊಟದ ಹೊತ್ತಿಗೆ ಹಿಲರಿಯ ಫೋನ್ ಬಂತು. "ಆ ಗುಡ್ಡದ ಮೇಲಾ? ಖಂಡಿತವಾಗಿ?"

"ಖಂಡಿತ."

"ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ! ನಾಳೆಯೇ ಹೋಗೋಣ. ನೋಡಬೇಕಾದವರನ್ನೂ ಕರೆತರುತ್ತೇನೆ."

ಭಾನುವಾರ ಗಂಡಹೆಂಡಿರು ಕಾಡಿನ ಬಾಯಿಗೆ ಹೋದಾಗ ಸಂಘದವರ ಜೊತೆ ಇಬ್ಬರು ಹೊಸಬರು ನಿಂತಿದ್ದರು. ತೊಡೆಯವರೆಗೆ ರಬ್ಬರ್ ಬೂಟು, ಕೈಯಲ್ಲಿ ಬಲೆ, ಗಾಜಿನ ಸೀಸೆ. ಮಳೆಗೆ ಇಷ್ಟೊಂದು ಹೆದರುವವರೂ ಇದ್ದಾರಲ್ಲ ಎಂದು ತಿರುಮಲೇಶರಿಗೆ ಕನಿಕರವಾಯಿತು. ಏದುಸಿರು ಬಿಡುತ್ತ ಎಲ್ಲರೂ ತುದಿ ಮುಟ್ಟಿದಾಗ ಅದು ಅಲ್ಲೇ ಇತ್ತು. ಕಡಿದಿಟ್ಟಂಥ ಬಿಳಿ ಗೋಡೆ, ತಳದಲ್ಲಿ ಮೊಣಕಾಲುದ್ದ ತರಗೆಲೆ.

"ನೋಡಿ!" ಎಂದು ಅವರು ಕೈ ಚಾಚಿದರು.

ಬೂಟಿನವರಲ್ಲೊಬ್ಬ ನೋಡಿದ. "ನೀರೆಲ್ಲಿ?"

"ಯಾವ ನೀರು?"

ಹಿಲರಿ ಇಮೇಲನ್ನು ಗಟ್ಟಿಯಾಗಿ ಓದಿದರು. ಗುಡ್ಡದ ತುದಿಯಲ್ಲಿ ದೊಡ್ಡದೊಂದು ತೊರೆ. ಸೀಮೆಸುಣ್ಣದ ನೆಲ ಬಿದ್ದ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಅದರ ತುದಿಯಲ್ಲಿ ತೊರೆ ಹರಿದರೆ ಪವಾಡವೇ ಸರಿ. ಅದಕ್ಕೇ ತೊರೆಗಳ ತಜ್ಞರಿಬ್ಬರನ್ನು ಕರೆಸಿದ್ದರು.

ತಿರುಮಲೇಶ ಹೆಂಡತಿಯ ಕಡೆ ತಿರುಗಿದರು. "ತೊರೆ ಅಂತ ಬರೆದ್ಯಾ?"

"ನೀವ ಹಳ್ಳ ಅಂದ್ರಲ್ರೀ!"

"ಹಳ್ಳ ಅಂದ್ರೆ ಗುಂಡಿ ಕಣೇ! ರಸ್ತೇಲಿ ಹಳ್ಳ ಬಿದ್ದಿದೆ ಅನ್ನಲ್ವಾ?"

"ಅದಕ್ಕ ತೆಗ್ಗು ಅಂತಾರ. ಹಳ್ಳ ಅಂದ್ರ ನೀರ ಹರೀಬೇಕು. ನಮ್ಮೂರಾಗ ಹಳ್ಳ ಬಂದ್ರ ಬಸ್ ನಿಂದರ್ತಾವ."

"ನಮ್ಮೂರಲ್ಲಿ ಬಸ್ಸು ಹಳ್ಳಕ್ಕೆ ಬಿದ್ದು ನಿಲ್ಲತ್ತೆ!"

ಸಂಘದವರು ಟೆನಿಸ್ ನೋಡುವವರಂತೆ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಕೊನೆಗೆ ರಜನಿಯೇ ವಿಷಯ ಬಿಡಿಸಿ ಹೇಳಿದರು. ಹಿಲರಿ ಕೆಳಗಿಳಿದು, ಬಳ್ಳಿ ಸರಿಸಿ, ಗೋಡೆಯ ಮೇಲೆ ಅಂಗೈ ಆಡಿಸಿದರು. ಸಾಲಾಗಿ ಗುದ್ದಲಿಯೇಟಿನ ಗೀರುಗಳು.

"ಗಣಿಯೇ" ಎಂದರು. "ನಕಾಶೆಗೆ ಹಾಕೋಣ. ಚಹಾಕ್ಕೆ ಬೇರೆ ಯಾರನ್ನಾದರೂ ನೋಡುತ್ತೇನೆ."

ತಿರುಮಲೇಶ ನಿರಾಳವಾದರು. ಬೂಟಿನವರು ಮಾತ್ರ ಒಣ ಸೀಸೆ ಹಿಡಿದು ನಿಂತಿದ್ದರು. ಹಿಲರಿ ಮೇಲೆ ಹತ್ತಿ ಬಂದು ಗಂಡಹೆಂಡಿರನ್ನು ಒಮ್ಮೆ ನೋಡಿದರು. "ಇಷ್ಟು ದಿನ ಒಂದೇ ಪದಕ್ಕೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡು ಸಂಸಾರ ಮಾಡಿದಿರಾ? ಮದುವೆಯಾಗಿ ಎಷ್ಟು ವರ್ಷವಾಯಿತು?"

ತಿರುಮಲೇಶ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮೂವತ್ತೇಳು."