ಬಸ್ರಾ ಮಾವನ ಪಾಲಿನ ಅಕ್ಕಿ

ನಾವು ಅಲ್ ಮನ್ಸೂರಾದಲ್ಲಿದ್ದ ಕಾಲಕ್ಕೆ ದೋಹಾದಲ್ಲಿ ಮೆಟ್ರೋ ಇರಲಿಲ್ಲ. ವೆಸ್ಟ್ ಬೇಯ ಎತ್ತರದ ಕಟ್ಟಡಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದಿತ್ತು. ಕೆಳಗಿನ ಮಲಯಾಳಿ ಹೋಟೆಲಿನ ಪೊರೋಟ ವಾಸನೆ ಲಿಫ್ಟ್ ಹತ್ತಿ ನಮ್ಮ ಮೂರನೇ ಮಹಡಿಗೆ ಬರುತ್ತಿತ್ತು. ಆ ದಿನಗಳಲ್ಲಿ ಗಲ್ಫಿನಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಿಟಕಿ ಏಸಿಯ ಸದ್ದಿಲ್ಲದೆ ನಿದ್ದೆ ಹತ್ತದವರು, ಊರಿನ ಪೆಟ್ಟಿಗೆ ಬಿಚ್ಚಿದಾಗ ಬರುವ ಒಣಮೀನಿನ ಪರಿಮಳಕ್ಕೆ ಓಡಿ ಬಂದವರು ನೀವೂ ಇದ್ದೀರಿ.

2003ರಲ್ಲಿ ನನಗೆ ಹನ್ನೊಂದು ವರ್ಷ. ಆ ವರ್ಷ ಅಮ್ಮನ ಅಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರು. ಒಂದು ಚೀಲ ಕುಚಲಕ್ಕಿ, ಹಪ್ಪಳ, ಹುಣಸೆಹಣ್ಣು ತಂದಿದ್ದರು. ಮೊಟ್ಟೆಯ ಟ್ರೇಯನ್ನು ಹದಿನಾಲ್ಕು ಗುಳಿಗೆ ಕತ್ತರಿಸಿ, ಹುಣಸೆಬೀಜ ಹಾಕಿ, ನನಗೆ ಚೆನ್ನೆಮಣೆ ಆಟ ಕಲಿಸಿದರು. ಕಲಿಸಿದ ಮೇಲೆ ಒಂದು ಸಲವೂ ಗೆಲ್ಲಲು ಬಿಡಲಿಲ್ಲ. ನಮ್ಮ ಮನೆಮಾತು ತುಳು. ಅಜ್ಜಿ ಆಡಿದ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಡುಗೆಮನೆ ಅಜ್ಜಿಯ ಕೈಗೆ ಹೋದ ಮೊದಲ ದಿನದಿಂದಲೇ ಅನ್ನ ಉಳಿಯತೊಡಗಿತು. ಅಮ್ಮನಿಗೆ ಅದು ಹೊಸತಲ್ಲ.

"ಇಲ್ಲಿಯೂ ಶುರು ಮಾಡಿದ್ರಾ ಅಮ್ಮ? ತಿನ್ನುವವರು ಯಾರು?"

"ನನ್ನ ಕೈ ಕೇಳುವುದಿಲ್ಲ. ನೀನು ಸುಮ್ಮನಿರು."

ತಿನ್ನುವವಳು ನಾನೇ. ಉಳಿದ ಅನ್ನಕ್ಕೆ ಅಜ್ಜಿ ಬೆಳಿಗ್ಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ ಉದುರಿಸಿ ಕೊಡುತ್ತಿದ್ದರು. ಶಾಲೆಯ ಬಸ್ಸು ಹಾರ್ನ್ ಹಾಕುವವರೆಗೂ ತಟ್ಟೆ ಬಿಡುತ್ತಿರಲಿಲ್ಲ ನಾನು.

ಆ ಅನ್ನ ಯಾರದು ಎಂದು ಗೊತ್ತಾದದ್ದು ಟೀವಿಯಿಂದ. ಮಾರ್ಚಿನಲ್ಲಿ ಇರಾಕಿನ ಯುದ್ಧ ಶುರುವಾಗಿ ಹಗಲೆಲ್ಲ ಅದೇ ಸುದ್ದಿ. ಒಂದು ಮಧ್ಯಾಹ್ನ ಸುದ್ದಿಯವನು ಬಸ್ರಾ ಎಂದ. ಬೀನ್ಸ್ ಮುರಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

"ಅದು ನನ್ನ ಮಾವ ಹೋದ ಊರು."

ದೂಮಪ್ಪ ಎಂದು ಹೆಸರು. ಅಜ್ಜಿಯ ತಾಯಿಗೆ ಒಬ್ಬನೇ ಅಣ್ಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಸ್ರಾದ ಹೊಳೆಗಳಲ್ಲಿ ಬ್ರಿಟಿಷರ ದೋಣಿ ನಡೆಸಲು ಜನ ಬೇಕೆಂದು ಯಾರೋ ಬಂದು ಕೇಳಿದಾಗ ದೂಮಪ್ಪ ಮಂಗಳೂರಿನಿಂದ ಮುಂಬಯಿಗೆ ಹೋಗಿ ಹಡಗು ಹತ್ತಿದರು. ಹೊರಡುವಾಗ ತಂಗಿಗೆ ಹೇಳಿದ್ದು ಒಂದೇ ಮಾತು: ನನ್ನ ಪಾಲಿನ ಅಕ್ಕಿ ಹಾಕುವುದು ಬಿಡಬೇಡ, ಯಾವ ಹೊತ್ತಿಗೆ ಬರುತ್ತೇನೋ ಹೇಳಲಿಕ್ಕಾಗದು. ಬಸ್ರಾದಿಂದ ಒಂದು ಕಾಗದ ಬಂತು. ಆಮೇಲೆ ಕಾಗದವೂ ಇಲ್ಲ, ಮನುಷ್ಯನೂ ಇಲ್ಲ. ತಂಗಿ ಸಾಯುವವರೆಗೂ ಹೊತ್ತು ಹೊತ್ತಿಗೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದರು. ಸಾಯುವಾಗ ಆ ಹಿಡಿಯನ್ನು ಮಗಳಿಗೆ, ಅಂದರೆ ನಮ್ಮ ಅಜ್ಜಿಗೆ, ವಹಿಸಿಕೊಟ್ಟರು.

ನಮ್ಮಲ್ಲಿ ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆ ಬಾಳೆಲೆಯಲ್ಲಿ ಊಟ ಬಡಿಸುತ್ತೇವೆ, ಅದಕ್ಕೆ ಅಗೆಲು ಎನ್ನುತ್ತೇವೆ. ದೂಮಪ್ಪ ಮಾವನಿಗೆ ಆ ಎಲೆಯೂ ಇರಲಿಲ್ಲ. ಸತ್ತ ಸುದ್ದಿ ಬಾರದವನಿಗೆ ಎಲೆ ಹಾಕಿದರೆ ಮನೆಯವರೇ ಕೊಂದ ಹಾಗೆ. ಅಜ್ಜಿಯ ಚಿಂತೆ ಈಗ ಅದೇ ಆಗಿತ್ತು.

"ನಾನು ಹೋದ ಮೇಲೆ ಅವನಿಗೆ ಅಕ್ಕಿಯೂ ಇಲ್ಲ, ಎಲೆಯೂ ಇಲ್ಲ. ನಿನ್ನ ಅಮ್ಮ ಕುಕ್ಕರಿನವಳು, ಕಪ್ಪಿನಲ್ಲಿ ಅಳೆದು ಹಾಕುವವಳು."

ಅದೇ ಏಪ್ರಿಲಿನಲ್ಲಿ ಶಾಲೆಯಲ್ಲಿ ನಮ್ಮ ಮಿಸ್ ಜೋನ್ ಅದೇ ಮೊದಲನೆಯ ಮಹಾಯುದ್ಧದ ಪಾಠ ತೆಗೆದರು. ಅವರು ಆಸ್ಟ್ರೇಲಿಯಾದವರು. ಯುದ್ಧ ಶುರುವಾದಾಗ ತಮ್ಮದು ಒಂದು ದೇಶವಾಗಿ ಹದಿಮೂರು ವರ್ಷ, ಅದರ ಸೈನಿಕರು ತುರ್ಕಿಯ ಗಲಿಪೊಲಿ ದಡದಲ್ಲಿ ಇಳಿದಾಗ ಹದಿನಾಲ್ಕು ಎಂದರು. ನಾವು ನಕ್ಕೆವು. ಕತಾರ್ ನನ್ನ ಅಪ್ಪನಿಗಿಂತ ಚಿಕ್ಕದೆಂದು ಗೊತ್ತಿತ್ತು, ಆದರೆ ನನಗಿಂತ ಮೂರೇ ವರ್ಷ ದೊಡ್ಡದಾದ ದೇಶ ಯುದ್ಧಕ್ಕೆ ಹೋದದ್ದು ತಮಾಷೆಯಾಗಿ ಕೇಳಿತು. ಹುಡುಗರು ಊರು ನೋಡಲು ಹೋಗುವವರ ಹಾಗೆ ನಗುತ್ತಾ ಹಡಗು ಹತ್ತಿದರಂತೆ. ಏಪ್ರಿಲ್ ಇಪ್ಪತ್ತೈದರ ಬೆಳಗಿನ ಜಾವ ತುರ್ಕರ ಗುಡ್ಡದ ಕೆಳಗೆ ಇಳಿದರು, ಎಂಟು ತಿಂಗಳು ಅಲ್ಲೇ ಸತ್ತರು, ಉಳಿದವರು ಗುಡ್ಡ ಸಿಗದೆ ಹಿಂದೆ ಬಂದರು. ಈಗ ಅವರ ಒಂದೊಂದು ಸಣ್ಣ ಊರಿನಲ್ಲೂ ಹೆಸರು ಕೊರೆದ ಒಂದು ಕಲ್ಲಿದೆ. ಪ್ರತಿ ವರ್ಷ ಆ ದಿನ ಜನ ಬೆಳಕಾಗುವ ಮೊದಲು ಎದ್ದು ಹೋಗಿ ಅದರ ಮುಂದೆ ಸುಮ್ಮನೆ ನಿಲ್ಲುತ್ತಾರೆ.

ಮಿಸ್ಸಿನ ಅಜ್ಜನ ಅಣ್ಣನೂ ಅಲ್ಲಿ ಕಾಣೆಯಾದವನು. ದೇಹ ಸಿಗಲಿಲ್ಲ. ಒಂದು ವರ್ಷ ಕಾದು, ಅಧಿಕಾರಿಗಳು ಕೂತು, ಬದುಕುಳಿದ ಜೊತೆಗಾರರನ್ನು ಕರೆದು ಕೇಳಿ, ‘ಕಾಣೆ’ ಎಂಬ ಶಬ್ದ ಹೊಡೆದು ‘ಸತ್ತಿದ್ದಾನೆ’ ಎಂದು ಬರೆದರಂತೆ. ಆಮೇಲೆ ಅವನ ಹೆಸರು ಕಲ್ಲಿಗೆ ಹೋಯಿತು.

ಇಪ್ಪತ್ತೈದು ಶುಕ್ರವಾರ, ರಜೆ. ಹಾಗಾಗಿ ಮಿಸ್ ಮೊದಲೇ ಬಿಸ್ಕತ್ತು ಮಾಡಿ ತಂದು ಹಂಚಿದರು. ಹಿಂದೆ ಸಿಪಾಯಿಗಳಿಗೆ ಮನೆಯವರು ಕಳಿಸುತ್ತಿದ್ದದ್ದೂ ಇಂಥದೇ ಅಂತೆ. ನಾನು ಎರಡನ್ನು ಅಜ್ಜಿಗೆಂದು ಟಿಫಿನ್ ಡಬ್ಬಿಯಲ್ಲಿ ತಂದು, ಕೇಳಿದ್ದನ್ನೆಲ್ಲ ಹೇಳಿದೆ. ಅಜ್ಜಿ ಒಂದು ತುಂಡು ಮುರಿದು ಮೂಸಿದರು.

"ತೆಂಗಿನಕಾಯಿ ಉಂಟು."

"ಸೋತ ದಿನವನ್ನು ಯಾರಾದ್ರೂ ಹಬ್ಬ ಮಾಡ್ತಾರಾ ಅಜ್ಜಿ?"

"ಹಬ್ಬ ಎಂತದು ಮಗಾ, ಅದು ಅವರ ಅಗೆಲು." ಆಮೇಲೆ ಬಿಸ್ಕತ್ತು ಜಗಿಯುತ್ತಾ, "ಸತ್ತ ಅಂತ ಕೂತು ಹೇಳಿದ್ದು ಎಷ್ಟು ಜನ?" ಎಂದು ಕೇಳಿದರು.

"ಗೊತ್ತಿಲ್ಲ. ಮೂರು ನಾಲ್ಕು ಜನ ಇರಬಹುದು."

ಶುಕ್ರವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಜ್ಜಿ ನಮ್ಮನ್ನು ಮೇಜಿನಿಂದ ಏಳಲು ಬಿಡಲಿಲ್ಲ.

"ಊರಲ್ಲಿ ಗಡಿ ಜಗಳ, ಪಾಲಿನ ಜಗಳ ಎಲ್ಲ ನಾಲ್ಕು ಜನ ಕೂತೇ ಮುಗಿಸಿದ್ದು. ನಮ್ಮ ಮಾವನಿಗೆ ಯಾರೂ ಕೂರಲಿಲ್ಲ. ಇಲ್ಲಿ ನಾವು ನಾಲ್ಕು ಜನ ಇದ್ದೇವಲ್ಲ."

"ಮಗುವನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು, ಅತ್ತೆ," ಎಂದರು ಅಪ್ಪ.

"ಹಿಡಿಯದೆ ಮತ್ತೆ? ಅವನ ಪಾಲಿನ ಅನ್ನ ತಿಂದವಳು ಅವಳೇ. ನೀವು ಹೇಳಿ, ಅವನು ಬರ್ತಾನಾ?"

ಅಪ್ಪ ನಗಲು ಹೋಗಿ ಅಜ್ಜಿಯ ಮುಖ ನೋಡಿ ನಿಲ್ಲಿಸಿದರು. "ನೂರು ದಾಟಿತಲ್ಲ ಅತ್ತೆ ಪ್ರಾಯ. ಬರುವ ಹಾಗಿಲ್ಲ."

ಅಮ್ಮ, "ನೀವು ನೆಮ್ಮದಿಯಲ್ಲಿರಿ ಅಮ್ಮ, ಸಾಕು. ಅವರು ಬರುವುದಿಲ್ಲ," ಎಂದಳು.

ಅಜ್ಜಿ ನನ್ನ ಕಡೆ ತಿರುಗಿದರು. ನಾನು ಇಂಗ್ಲಿಷ್ ಶಾಲೆಯ ಹುಡುಗಿ, ಸರಿಯುತ್ತರ ಗೊತ್ತಿದ್ದರೆ ಕೈ ಎತ್ತದೆ ಇರಲಾರೆ. "ಕಾಣೆಯಾದವರು ಅಂದ್ರೆ ಸತ್ತವರೇ ಅಜ್ಜಿ. ಅವರು ಬರೋದಿಲ್ಲ."

ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿ, "ಆಯ್ತು," ಎಂದರು. "ಇವತ್ತೇ ಎಲೆ ಹಾಕುವ."

"ಇಲ್ಲಿ ಯಾಕೆ, ಊರಿನ ಮನೆಯಲ್ಲಿ ಹಾಕಬಹುದಲ್ಲ," ಎಂದರು ಅಪ್ಪ. "ಇದು ಬಾಡಿಗೆ ಫ್ಲಾಟು. ಕಡಲು ದಾಟಿ ಅಗೆಲು ಬಡಿಸಿದ್ದು ಎಲ್ಲಾದ್ರೂ ಉಂಟಾ?"

"ಅವನು ಹೋದದ್ದು ಇದೇ ಕಡಲಲ್ಲಿ. ಊರಿಗಿಂತ ಇಲ್ಲಿಂದಲೇ ಅವನಿಗೆ ಹತ್ತಿರ. ಅಷ್ಟು ಕಾದವನನ್ನು ಮತ್ತೆ ದೂರ ನಡೆಸುವುದು ಬೇಡ."

ಸಂಜೆ ದೀಪ ಹಚ್ಚಿ, ಮನ್ಸೂರಾದ ಅಂಗಡಿಯಿಂದ ತಂದ ಬಾಳೆಲೆಯಲ್ಲಿ ಕುಚಲಕ್ಕಿ ಅನ್ನ, ಕೋಳಿ ಸುಕ್ಕ, ದೋಸೆ ಬಡಿಸಿದರು. ಕಳ್ಳಿನ ಬದಲು ಎಳನೀರಿನ ಡಬ್ಬಿ ಒಡೆದು ಲೋಟಕ್ಕೆ ಸುರಿದರು. ಉಳಿದಿದ್ದ ಮಿಸ್ಸಿನ ಬಿಸ್ಕತ್ತೂ ಎಲೆಯ ತುದಿಗೆ ಹೋಯಿತು. ಹೋದವರು ಉಣ್ಣುವಾಗ ಇದ್ದವರು ನೋಡಬಾರದು. ಆದ್ದರಿಂದ ಬಾಗಿಲು ಎಳೆದುಕೊಂಡು ನಾಲ್ವರೂ ಲಿಫ್ಟಿನ ಎದುರು ನಿಂತೆವು. ಪಕ್ಕದ ಫ್ಲಾಟಿನ ಮಲಯಾಳಿ ಅಂಕಲ್ ಸಾಮಾನಿನ ಚೀಲ ಹಿಡಿದು ಬಂದರು.

"ಚಾವಿ ಮರನ್ನೋ?" ಬೀಗದ ಕೈ ಮರೆತು ಹೊರಗುಳಿದೆವೆಂದು ಅವರ ಎಣಿಕೆ.

"ಇಲ್ಲ," ಎಂದರು ಅಪ್ಪ ಹಿಂದಿಯಲ್ಲಿ. "ಒಳಗೆ ಊರಿನವರು ಬಂದಿದ್ದಾರೆ. ಊಟ ಮಾಡ್ತಾ ಇದ್ದಾರೆ."

ಅಂಕಲ್ ನಮ್ಮ ನಾಲ್ವರನ್ನೂ ನೋಡಿ, ತಮ್ಮ ಫ್ಲಾಟಿನೊಳಗೆ ಹೋದರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲು ಮೂರು ಸಲ ತಟ್ಟಿ, ಒಳಗೆ ಹೋಗಿ ನಾವೂ ಉಂಡೆವು.

ಮರುದಿನ ಅಜ್ಜಿ ಅಕ್ಕಿ ಅಳೆಯುವುದನ್ನು ನೋಡಲೆಂದೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಪಾತ್ರೆಗೆ ಹಾಕುವಷ್ಟು ಹಾಕಿದರು. ಕೈ ತಾನಾಗಿ ಮತ್ತೊಮ್ಮೆ ಚೀಲಕ್ಕೆ ಹೋಗಿ ಮುಷ್ಟಿ ತುಂಬಿಕೊಂಡು ಬಂತು. ಪಾತ್ರೆಯ ಮೇಲೆ ಹಾಗೇ ಹಿಡಿದು ನಿಂತರು. ಆಮೇಲೆ ಅಕ್ಕಿಯನ್ನು ಚೀಲಕ್ಕೆ ವಾಪಸು ಬಿಟ್ಟರು. ಅದರ ಮರುದಿನ ಬೆಳಿಗ್ಗೆ ನನಗೆ ಬ್ರೆಡ್ಡು ಜಾಮು.

ಅಜ್ಜಿ ಹೋಗಿ ಈಗ ಹಲವು ವರ್ಷವಾಯಿತು. ಊರಿನ ಮನೆಯ ಅಗೆಲಿನಲ್ಲಿ ಬಸ್ರಾ ಮಾವನ ಎಲೆಯ ಪಕ್ಕದಲ್ಲೇ ಅವರ ಎಲೆ ಬೀಳುತ್ತದೆ. ನಾಲ್ಕು ಜನ ಕೂತದ್ದಕ್ಕೆ ಅಷ್ಟು ಫಲ ಸಿಕ್ಕಿತು. ಆದರೂ ಆ ಬೆಳಗ್ಗೆ ಅವರು ನನ್ನನ್ನು ಕೊನೆಗೆ ಯಾಕೆ ಕೇಳಿದರು ಎಂದು ಹೊಳೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಆ ಹಿಡಿ ತಾಯಿಯಿಂದ ಮಗಳಿಗೆ ಬಂದದ್ದು. ಅಮ್ಮ ಒಲ್ಲೆನೆಂದ ಮೇಲೆ ಉಳಿದವಳು ನಾನೊಬ್ಬಳೇ. ಸರಿಯುತ್ತರವನ್ನು ಅವರು ಕೇಳಿರಲಿಲ್ಲ. ‘ನಾನು ಹಾಕ್ತೇನೆ ಅಜ್ಜಿ’ ಎಂದಿದ್ದರೆ ಸಾಕಿತ್ತು.

ಈಗ ನಾನಿರುವುದು ದೋಹಾದ ಬದಿಯ ಅಲ್ ಗರಾಫಾದಲ್ಲಿ. ಗಂಡ, ಮಗಳು, ನಾನು. ಮೂವರಿಗೆ ಒಂದೂವರೆ ಕಪ್ ಅಕ್ಕಿ, ಗೆರೆಯವರೆಗೆ ನೀರು. ಒಂದಗುಳೂ ಉಳಿಯುವುದಿಲ್ಲ. ಹೇಳದೆ ಯಾರಾದರೂ ಊಟದ ಹೊತ್ತಿಗೆ ಬಂದರೆ ಹೋಟೆಲಿಗೆ ಫೋನ್ ಮಾಡುತ್ತೇವೆ.