ತೊಟ್ಟಿಯೊಳಗೂ ಸಾಕಿದ ಹುಳು

ಬೈರಮ್ಮನ ಕೈಗೆ ಬ್ಲೀಚಿಂಗ್ ಪುಡಿಯ ಘಾಟು ಅಂಟಿಕೊಂಡದ್ದು ಮದುವೆಯಾಗಿ ಹೊಂಗನೂರಿನ ಆಚೆಯ ಈ ಹಳ್ಳಿಗೆ ಬಂದ ವರ್ಷ. ಅತ್ತೆ ಕಲಿಸಿದ ಮೊದಲ ಪಾಠವೇ ಅದು. ರೇಷ್ಮೆಗೂಡು ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆಯ ನೆಲ, ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಹಳೆಯ ಬೆಳೆಯ ರೋಗ ಹೊಸ ಹುಳುವಿಗೆ ಹತ್ತುತ್ತದೆ. ರೇಷ್ಮೆ ಇಲಾಖೆಯವರೂ ಅದನ್ನೇ ಹೇಳುತ್ತಿದ್ದರು. ಅಂಗೈ ಸುಲಿದರೂ ಬೈರಮ್ಮ ಒಂದು ಬೆಳೆಗೂ ತಪ್ಪಿಸಿದವಳಲ್ಲ.

ಪಾಯಿಖಾನೆ ಮಾತ್ರ ಆ ಮನೆಗೆ ಬಹಳ ತಡವಾಗಿ ಬಂತು. ಮಗಳು ಭಾನುಪ್ರಿಯಳನ್ನು ಹೆತ್ತು, ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಮಳೆಯಲ್ಲಿ ಹಿಪ್ಪುನೇರಳೆ ತೋಟದ ಬದುವಿಗೆ ಹೋಗುತ್ತಿದ್ದದ್ದನ್ನು ಆಕೆ ಮರೆತಿರಲಿಲ್ಲ. ಈಗ ಅದೇ ಮಗಳು ಹೆರಿಗೆಗೆ ಬಂದು ಒಳಗೆ ಮಲಗಿದ್ದಳು, ಹಸಿ ಬಾಣಂತಿ.

ಹೋದ ವರ್ಷ ಕೇರಿಯ ಕೊನೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿ ಕಟ್ಟಿದ್ದರು. ಎಲ್ಲರ ಬಚ್ಚಲು, ಪಾಯಿಖಾನೆ, ಹುಳುಮನೆಯ ನೀರು ಪೈಪಿನಲ್ಲಿ ಅಲ್ಲಿಗೇ. ನೀರು ಏರಿದರೆ ಪಂಪು ತಾನೇ ಓಡುತ್ತದೆ. ಗಾಳಿ ಊದುವ ಯಂತ್ರ ಹೊತ್ತು ಹೊತ್ತಿಗೆ ತಾನೇ ಊದುತ್ತದೆ. ಬೇಲಿಯ ಮೇಲೆ ಬೋರ್ಡು: ‘ಸಂಪೂರ್ಣ ಸ್ವಯಂಚಾಲಿತ. ನಿರ್ವಹಣೆ ಸುಲಭ.’ ರಿಬ್ಬನ್ ಕತ್ತರಿಸಿದವರು, ಭಾಷಣ ಮಾಡಿದವರು, ಮೈಸೂರು ಪಾಕು ತಿಂದು ಕೈ ಒರೆಸಿಕೊಂಡವರು, ಯಾರೊಬ್ಬರೂ ಕೇರಿಯ ಹೆಂಗಸರನ್ನು ಕರೆದು ಒಂದು ಮಾತು ಆಡಲಿಲ್ಲ.

ಈ ಯುಗಾದಿ ಕಳೆದ ಮೇಲೆ ತೊಟ್ಟಿ ನಾರತೊಡಗಿತು. ಯಂತ್ರದ ಪೆಟ್ಟಿಗೆಯಲ್ಲಿ ದೀಪಗಳೆಲ್ಲ ಹಸಿರು. ಹೊರಬರುವ ನೀರು ಮಾತ್ರ ಕಪ್ಪು. ತೊಟ್ಟಿ ಕಟ್ಟಿದ ಕಂಪನಿಯಿಂದ ಬಂದ ನಿಖಾತ್ ಎಂಬ ಹುಡುಗಿ ನೀರು ಪರೀಕ್ಷಿಸಿ, ಹುಳುಮನೆಗಳಿಂದ ಬರುವ ಬ್ಲೀಚಿಂಗ್ ನೀರೇ ಕಾರಣ ಎಂದಳು. ಪಂಚಾಯಿತಿ ಮೆಂಬರು ದೇವರಾಜು ಅಷ್ಟನ್ನೇ ಹಿಡಿದುಕೊಂಡು ಗಾರೆಯವನನ್ನು ಕರೆತಂದ. ತೊಟ್ಟಿಗೆ ಹತ್ತಿರದ ಮನೆ ಬೈರಮ್ಮನದು. ಮೊದಲು ಅವಳ ಪೈಪು ಮುಚ್ಚಬೇಕು.

ಬೈರಮ್ಮ ಹೊರಬಂದವಳೇ ತನ್ನ ಪೈಪು ಹಾಯುವ ಚೇಂಬರಿನ ಕಲ್ಲಿನ ಮೇಲೆ ಕೂತುಬಿಟ್ಟಳು.

“ಏಳಕ್ಕ ಮ್ಯಾಕೆ. ನೀನು ಬ್ಲೀಚಿಂಗ್ ಬುಟ್ಟಿದ್ದಕ್ಕೆ ಊರೇ ನಾರ್ತಾ ಐತೆ,” ಎಂದ ದೇವರಾಜು.

“ಊಂ ಕಣಪ್ಪ, ಬುಟ್ಟೆ. ನಿಮ್ಮನೆ ಹುಳಮನೆ ತೊಳ್ದಿದ್ದೇನು ಪನ್ನೀರಲ್ಲಾ?”

ನಿಂತವರು ನಕ್ಕರು. ಊರಿಗೇ ದೊಡ್ಡ ಹುಳುಮನೆ ದೇವರಾಜುವಿನದು.

“ನಮ್ಮನೆ ಮಾತು ಯಾಕೀಗ?”

“ಯಾಕಂದ್ರೆ? ಇದನ್ನ ಮುಚ್ಚಿದ್ರೆ ನನ್ ಮಗಳು ಎಲ್ಲಿಗೋಗ್ಬೇಕು? ನಿನ್ ಜಗಲಿಗೆ ಕಳಿಸ್ಲಾ?” ಆಕೆ ನಿಖಾತ್ ಕಡೆ ತಿರುಗಿದಳು. “ಏನವ್ವ, ಒಳಗೆ ಅದೇನು ಕೆಟ್ಟೋಯ್ತು, ಒಸಿ ಹೇಳು.”

“ಕೆಟ್ಟಿಲ್ಲ ಅಮ್ಮ, ಸತ್ತಿವೆ. ಕಣ್ಣಿಗೆ ಕಾಣದ ಜೀವಾಣುಗಳು. ಕೊಳೆಯನ್ನ ತಿನ್ನೋದು ಅವೇ. ಯಂತ್ರ ಗಾಳಿ ಊದೋದು ಅವಕ್ಕೋಸ್ಕರ. ಅವು ಸತ್ತಿದ್ದು ಯಂತ್ರಕ್ಕೆ ತಿಳಿಯಲ್ಲ, ಸುಮ್ಮನೆ ಊದ್ತಾನೇ ಇರುತ್ತೆ.”

ರೋಗ ಬಿದ್ದ ವರ್ಷ, ಕರಗಿ ಜೋತುಬಿದ್ದ ಹುಳುಗಳನ್ನು ತಟ್ಟೆ ತಟ್ಟೆಯಾಗಿ ಗುಂಡಿಗೆ ಸುರಿದದ್ದು ಬೈರಮ್ಮನ ಕಣ್ಣಿಗೆ ಕಟ್ಟಿತು. ಈಗ ತೊಟ್ಟಿಯೊಳಗೂ ತನ್ನ ಕೈಯಿಂದಲೇ ಅಂಥದ್ದೊಂದು ಸಾವು ನಡೆದುಹೋಗಿತ್ತು. ಆಮೇಲೆ ಬಂದ ಸಿಟ್ಟಿಗೆ ಆಕೆ ಅಂಗೈಯಿಂದ ಕಲ್ಲನ್ನು ಬಡಿದಳು.

“ಅಂದ್ರೆ ಅವೂ ಸಾಕೋ ಹುಳ! ಒಳಗೆ ಸಾಕೋ ಹುಳ ಐತೆ ಅಂತ ಒಂದ್ ಮಾತು ಹೇಳಿದ್ರೆ ಈ ಊರಲ್ಲಿ ಯಾವ ಹೆಂಗ್ಸು ಬ್ಲೀಚಿಂಗ್ ಬುಡ್ತಿದ್ಲವ್ವ? ಹುಳ ಸಾಕೋರ ಊರಿಗೆ ಬಂದು, ನೀವೇನು ತೊಳೀತೀರಿ, ಏನು ಚೆಲ್ತೀರಿ ಅಂತ ಕೇಳ್ದೆ ಮಿಷನ್ ಮಡಗ್ಬುಟ್ಟು ಹೋದ್ರಿ. ಈಗ ಕೊಂದೋರು ನಾವಾ?”

ನಿಖಾತ್ ತಲೆ ತಗ್ಗಿಸಿದಳು. “ಕೇಳಬೇಕಿತ್ತು ಅಮ್ಮ. ಆ ನೀರನ್ನ ಬೇರೆ ಗುಂಡಿಗೆ ಬಿಟ್ಟರೆ ಸಾಕು. ಬಿಸಿಲಿಗೆ ಘಾಟು ಹೋಗುತ್ತೆ. ತೊಟ್ಟಿಗೆ ಹೊಸ ಜೀವಾಣು ನಾನು ತಂದು ಬಿಡ್ತೀನಿ. ಯಾರ ಪೈಪೂ ಮುಚ್ಚೋದು ಬೇಡ.”

“ಒಂದು ಗುಂಡಿ! ಇಷ್ಟಕ್ಕೆ ನನ್ ಬಾಣಂತಿ ಮಗಳನ್ನ ಬದುವಿಗೆ ಕಳಿಸೋಕೆ ಬಂದಿದ್ರಾ?”

ಗಾರೆಯವನು ಕಲಸಿದ ಸಿಮೆಂಟನ್ನೂ ದೇವರಾಜುವಿನ ಮುಖವನ್ನೂ ನೋಡುತ್ತ ನಿಂತಿದ್ದ.

“ನೋಡ್ತೀಯೇನ್ಲಾ? ಸಿಮೆಂಟು ಗುಂಡಿಗಾಗ್ತದೆ. ದೊಡ್ಡ ಹುಳಮನೇದೇ ಮೊದ್ಲು. ಮೆಂಬರ ಹಿತ್ತಲಲ್ಲಿ ಗುದ್ದಲಿ ಬೀಳೋವರ್ಗೂ ನಾನು ಇಲ್ಲಿಂದ ಏಳಾಕಿಲ್ಲ.”

ದೇವರಾಜು ಸುತ್ತ ನೋಡಿದ. ನಿಂತವರಲ್ಲಿ ಈ ಸಲ ಯಾರೂ ನಗಲಿಲ್ಲ. ಅವನು ಗಾರೆಯವನಿಗೆ ಕೈಸನ್ನೆ ಮಾಡಿ ಮನೆಯ ಕಡೆ ಹೊರಟ.

ಸ್ವಲ್ಪ ಹೊತ್ತಿಗೆ ಆ ಹಿತ್ತಲಿನಿಂದ ಗುದ್ದಲಿಯ ಸದ್ದು ಕೇಳಿತು. ಬೈರಮ್ಮ ಆಗಲೂ ಏಳಲಿಲ್ಲ. ಮನೆಯೊಳಗೆ ಭಾನುಪ್ರಿಯ ಪಾಯಿಖಾನೆಗೆ ಹೋಗಿ ಚೆಂಬಿನಿಂದ ನೀರು ಸುರಿದಳು. ತಾಯಿ ಕೂತ ಕಲ್ಲಿನ ಕೆಳಗೆ ಆ ನೀರು ಸರಾಗವಾಗಿ ಹರಿದುಹೋಯಿತು.