ಬಾಯಿ ಮುಚ್ಚಿದ ಸಿಳ್ಳೆಹಕ್ಕಿ

ಮದುವೆಯಾಗಿ ಕೊಪ್ಪಕ್ಕೆ ಬಂದ ಹೊಸತರಲ್ಲಿ, ಒಂದು ಸಂಜೆ ಚಿತ್ರ ಬರೆಯಲು ಬಣ್ಣ ಕಲಸುತ್ತ ನಾನು ಸಿಳ್ಳೆ ಹಾಕಿದ್ದಕ್ಕೆ ಅತ್ತೆ ಮುಖ ಗಂಟಿಕ್ಕಿದ್ದರು. ದೀಪ ಹಚ್ಚಿದ ಮೇಲೆ ಮನೆಯೊಳಗೆ ಸಿಳ್ಳೆ ಹಾಕಬಾರದಂತೆ. ಹಿತ್ತಿಲಲ್ಲಿ ಬೆಳಗೂ ಸಂಜೆಯೂ ಸಿಳ್ಳೆ ಹಾಕುವ ಕಾಡುಹಕ್ಕಿಗೆ ಮಾತ್ರ ಆ ಕಾನೂನು ಇರಲಿಲ್ಲ. ಅತ್ತೆಯ ತವರು ಸಿರಿಮನೆ ಕಡೆ. ಅಲ್ಲಿನ ಹಳ್ಳಗಳಲ್ಲಿ ಈ ಹಕ್ಕಿ ಹೆಚ್ಚು. ಅದು ಕೂಗಿದರೆ ಅವರು ಕೈಕೆಲಸ ಬಿಟ್ಟು ಕೇಳುತ್ತ ನಿಲ್ಲುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ನಮ್ಮೂರಿಗೆ ಮೊಬೈಲು ಬಂದ ವರ್ಷಗಳಲ್ಲಿ ಅತ್ತೆಯ ಕಿವಿ ಮಂದವಾಯಿತು. ಅದನ್ನು ಒಪ್ಪದೆ, ನಾವೇ ಗೊಣಗಿಕೊಂಡು ಮಾತಾಡುತ್ತೇವೆಂದು ಬೈಯುತ್ತಿದ್ದರು. ಶಿವಮೊಗ್ಗದಿಂದ ತಂದ ಕಿವಿಯ ಮೆಷಿನ್ ಬೀರು ಸೇರಿತು.

ಒಂದು ಬೆಳಗಿನ ಜಾವ ಅಡುಗೆಮನೆಯ ಕಿಟಕಿಯ ಬಳಿ ನಿಂತು, "ಎಂತ ಮಾರಾಯ್ತಿ, ಆ ಹಕ್ಕಿ ಈ ವರ್ಷ ಬರ್ಲೇ ಇಲ್ಲ. ಯಾರಾದ್ರೂ ಹೊಡೆದ್ರೋ ಏನೋ" ಅಂದರು. ಹೊರಗೆ ಕತ್ತಲಲ್ಲಿ ಅದು ಕೂಗುತ್ತಲೇ ಇತ್ತು. ನಿಮಗೇ ಕೇಳುತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹಕ್ಕಿಯನ್ನು ಬಣ್ಣದಲ್ಲಾದರೂ ಬರೆದು ಕೊಡೋಣ ಅನ್ನಿಸಿತು.

ಮೊದಲು ಕಪ್ಪು ಬಳಿದೆ. ಕಾಗೆಮರಿಯಾ ಎಂದು ಅತ್ತೆ ಕೇಳಿದರು. ಬಿಸಿಲು ಬಿದ್ದಾಗ ಮಾತ್ರ ಕಾಣುವ ಆ ನೀಲಿಯನ್ನು ಹಣೆಗೆ, ಹೆಗಲಿಗೆ ಹಚ್ಚಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು. ನಾನು ಕುಂಚ ತೊಳೆಯಲು ಹೋಗಿದ್ದಾಗ, ಒಣಹಾಕಿದ ಹಪ್ಪಳ ನೋಡುವ ಅಭ್ಯಾಸದಲ್ಲಿ ಅತ್ತೆ ಹಕ್ಕಿಯ ಹೆಗಲನ್ನು ಬೆರಳಿಂದ ಒತ್ತಿಯೇಬಿಟ್ಟರು. ನಾನು ಕಿರುಚಿದ್ದು ಪುಣ್ಯಕ್ಕೆ ಅವರಿಗೆ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಬೆರಳಿನ ಗೆರೆಗಳು ಗರಿಯ ಹಾಗೇ ಮೂಡಿದ್ದವು. ನನ್ನ ಕೈಯಿಂದ ಅಷ್ಟು ಚೆಂದ ಬರುತ್ತಿರಲಿಲ್ಲ, ಹಾಗೇ ಬಿಟ್ಟೆ.

ಕೊಕ್ಕು ಬರೆದ ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಬಂದು ಚಿತ್ರವನ್ನೇ ದಿಟ್ಟಿಸಿದರು. "ಬಾಯಿ ಮುಚ್ಕಂಡು ಹ್ಯಾಗೆ ಸಿಳ್ಳೆ ಹಾಕ್ತದೆ ಇದು?" ಅಂದವರೇ ತುಟಿ ಕೂಡಿಸಿ ಊದಿದರು. ಉದ್ದಕ್ಕೆ, ಏರಿ ಇಳಿದು, ಥೇಟ್ ಅದೇ ಸಿಳ್ಳೆ. ಸಿರಿಮನೆಯ ಹುಡುಗಿ ಹಳ್ಳದ ದಂಡೆಯಲ್ಲಿ ಕಲಿತದ್ದಿರಬೇಕು.

ಹಿತ್ತಿಲಿಂದ ಹಕ್ಕಿ ಉತ್ತರ ಕೊಟ್ಟಿತು. ಅತ್ತೆ ಚಿತ್ರವನ್ನೇ ನೋಡುತ್ತಿದ್ದರು.

ಅವರ ಕೈ ಹಿಡಿದು ಕಿಟಕಿಗೆ ಕರೆದೊಯ್ದೆ. ಇನ್ನೂ ತುಸು ಬೆಳಕಿತ್ತು. ಬಾವಿಕಟ್ಟೆಯ ಮೇಲೆ ಹಕ್ಕಿ ಕೂತಿತ್ತು, ಗಂಟಲು ಅಲುಗುತ್ತಿತ್ತು. ಅತ್ತೆ ಬಹಳ ಹೊತ್ತು ನೋಡಿದರು.

"ದಿನಾ ಬರ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಸೆರಗಿನಿಂದ ಕಿವಿಯನ್ನೊಮ್ಮೆ ಒರೆಸಿಕೊಂಡು ಒಳಗೆ ಹೋಗಿ ಚಿತ್ರದ ಮುಂದೆ ಕೂತರು. ಕೊಕ್ಕಿನ ಬಣ್ಣ ಇನ್ನೂ ಹಸಿಯಿತ್ತು. ನಾನು ಕೆರೆದು ತೆಗೆದೆ. ಹೊಸ ಕೊಕ್ಕು ಎಷ್ಟು ತೆರೆಯಬೇಕೆಂದು ಅತ್ತೆ ಪಕ್ಕದಲ್ಲೇ ತುಟಿ ಕೂಡಿಸಿ ತೋರಿಸುತ್ತ, ಮತ್ತೆ ಮತ್ತೆ ಸಿಳ್ಳೆ ಹಾಕುತ್ತಿದ್ದರು.